ಸರಿದದ್ದು, ತಿರುಗಿದ್ದು

ಬೆಂಗಳೂರಿನ ಪೀಣ್ಯದ ಈ ಅಳತೆ ಕೋಣೆಯಲ್ಲಿ ವರ್ಷವಿಡೀ 20 ಡಿಗ್ರಿ. ಹೊರಗೆ ಏಪ್ರಿಲ್ ಬಿಸಿಲಿರಲಿ, ಆಷಾಢದ ಜಡಿಮಳೆಯಿರಲಿ, ಒಳಗೆ ಋತು ಬದಲಾಗುವುದಿಲ್ಲ. ಮೆಷಿನ್ ಶಾಪಿನಿಂದ ಬಂದ ಅಲ್ಯುಮಿನಿಯಂ ಪಾರ್ಟನ್ನು ಬಂದ ಕೂಡಲೇ ಅಳೆಯುವುದಿಲ್ಲ. ಗ್ರಾನೈಟ್ ಮೇಜಿನ ಪಕ್ಕದಲ್ಲಿ ಗಂಟೆಗಟ್ಟಲೆ ಸುಮ್ಮನೆ ಇಡುತ್ತಾರೆ. 200 ಮಿಲಿಮೀಟರ್ ಉದ್ದದ ಅಲ್ಯುಮಿನಿಯಂ ಒಂದೇ ಒಂದು ಡಿಗ್ರಿ ಬಿಸಿಯಾದರೆ ಸುಮಾರು ನಾಲ್ಕೂವರೆ ಮೈಕ್ರಾನ್ ಹಿಗ್ಗುತ್ತದೆ. ಆ ಹಿಗ್ಗು ಇಳಿಯುವ ತನಕ ಕಾಯಬೇಕು. ಕಾಯುವ ಹೊತ್ತಿನಲ್ಲಿ ನಾನು ಸಿಎಂಎಂ, ಅಂದರೆ ಬಿಂದು ಬಿಂದುವಾಗಿ ತಾಗಿ ಅಳೆಯುವ ಯಂತ್ರವನ್ನು, ನೋಡುತ್ತಾ ಕೂರುತ್ತೇನೆ.

ಅದರ ಸೇತುವೆ ಕಲ್ಲಿನ ಮೇಲೆ ನೇರವಾಗಿ ಕೂತಿಲ್ಲ. ಕೆಲವೇ ಮೈಕ್ರಾನ್ ದಪ್ಪದ ಗಾಳಿಯ ಪದರದ ಮೇಲೆ ತೇಲುತ್ತದೆ. ಕಿವಿಗೊಟ್ಟರೆ ಸಣ್ಣಗೆ ಸುಯ್ ಎನ್ನುವ ಸದ್ದು. ಬೂದುಗಪ್ಪು ಗ್ರಾನೈಟಿನ ಮೇಲೆ ಅದು ಸರಸರನೆ ಜಾರಿ ಬಂದು, ಪಾರ್ಟಿನಿಂದ ಕೆಲವು ಮಿಲಿಮೀಟರ್ ದೂರವಿರುವಾಗ ವೇಗ ಬಿಡುತ್ತದೆ. ಅಲ್ಲಿಂದ ಮುಂದೆ ಬೇರೆಯದೇ ನಡಿಗೆ. ಸ್ಟೈಲಸ್ಸಿನ, ಅಂದರೆ ತಾಗುವ ಸೂಜಿಯ, ತುದಿಯ ಕಡುಗೆಂಪು ರೂಬಿ ಗುಂಡು ಪಾರ್ಟಿನ ಗೋಡೆಗೆ ನೆಟ್ಟಗೆ, ನಿಧಾನವಾಗಿ ಸಮೀಪಿಸುತ್ತದೆ, ತಾಗುತ್ತದೆ, ಬಂದ ದಾರಿಯಲ್ಲೇ ಹಿಂದೆ ಸರಿಯುತ್ತದೆ. ದುಂಡು ಮೂಲೆಗೆ ಬಂದಾಗ ಒಂದೊಂದು ಬಿಂದುವಿಗೂ ದಿಕ್ಕು ತುಸು ತುಸುವೇ ವಾಲುತ್ತ ಹೋಗುತ್ತದೆ. ಪ್ರೋಗ್ರಾಮಿನಲ್ಲಿ ಪ್ರತಿ ಬಿಂದುವಿಗೂ ಆರು ಸಂಖ್ಯೆಗಳಿರುತ್ತವೆ: ಮೂರು ಜಾಗಕ್ಕೆ, ಮೂರು ದಿಕ್ಕಿಗೆ. ದಿಕ್ಕು ಓರೆಯಾದರೆ ಗುಂಡಿನ ತ್ರಿಜ್ಯವನ್ನು ಕಳೆಯುವ ಲೆಕ್ಕವೂ ಓರೆಯಾಗುತ್ತದೆ.

ತಾಗಿದ ಕ್ಷಣ ಸ್ಟೈಲಸ್ ಹಿಡಿದಿರುವ ಪ್ರೋಬಿನ ಮೇಲೆ ಒಂದು ಪುಟ್ಟ ದೀಪ ಮಿಟುಕುತ್ತದೆ. ಈ ಬಗೆಯ ಪ್ರೋಬನ್ನು 1972ರಲ್ಲಿ ಇಂಗ್ಲೆಂಡಿನಲ್ಲಿ ಡೇವಿಡ್ ಮೆಕ್‌ಮರ್ಟ್ರಿ ರೂಪಿಸಿದ್ದು ಕಾನ್‌ಕಾರ್ಡ್ ವಿಮಾನದ ಎಂಜಿನ್ನಿನ ಇಂಧನ ಕೊಳವೆಗಳನ್ನು ಅಳೆಯುವುದಕ್ಕೆ. ಒಳಗೆ ಮೂರು ಕಡ್ಡಿಗಳು ಆರು ಗುಂಡುಗಳ ಮೇಲೆ ಕೂತಿರುತ್ತವೆ. ಸ್ಟೈಲಸ್ ಕೂದಲೆಳೆಯಷ್ಟು ಬಾಗಿದರೂ ಒಂದು ಕಡ್ಡಿ ಏಳುತ್ತದೆ, ವಿದ್ಯುತ್ತಿನ ದಾರಿ ಕೆಡುತ್ತದೆ, ಯಂತ್ರ ಆ ಗಳಿಗೆಯ ಜಾಗವನ್ನು ಬರೆದುಕೊಳ್ಳುತ್ತದೆ. ಗುಂಡು ಹಿಂದೆ ಸರಿದೊಡನೆ ಕಡ್ಡಿ ತನ್ನ ಮೊದಲಿನ ಜಾಗಕ್ಕೇ ಬಂದು ಕೂರುತ್ತದೆ.

ಇವತ್ತು ಅಳೆಯಬೇಕಾದ ಪ್ರತಿ ಪಾರ್ಟಿನಲ್ಲೂ ಒಂದು ಪಾಕೆಟ್, ಅಂದರೆ ಕೊರೆದ ತಗ್ಗು, ಇದೆ: ಉದ್ದ 80 ಮಿಲಿಮೀಟರ್, ಅಗಲ 40, ಮೂಲೆಗಳಲ್ಲಿ 10ರ ತ್ರಿಜ್ಯ. ಅದರೊಳಗೆ ಒಂದು ಮುಚ್ಚಳ ಕೂರಬೇಕು. ಡ್ರಾಯಿಂಗಿನಲ್ಲಿ ಈ ಪಾಕೆಟ್ಟಿಗೆ ಆಕಾರದ ಮಿತಿ ಹೇಳುವ ಒಂದೇ ಪ್ರೊಫೈಲ್ ಚಿಹ್ನೆ, ಅದರ ಬಲಕ್ಕೆ ಎರಡು ಸಾಲು. ಮೇಲಿನ ಸಾಲಿನಲ್ಲಿ 1.0 ಮಿಲಿಮೀಟರಿನ ಮಿತಿ, ಡೇಟಮ್ ಅಂದರೆ ಅಳತೆಯ ಆಧಾರ ಮುಖಗಳಾಗಿ ಎ, ಬಿ, ಸಿ. ಕೆಳಗಿನದರಲ್ಲಿ 0.2, ಎ, ಬಿ. ಎ ಎಂದರೆ ತಳ, ಬಿ ಉದ್ದನೆಯ ಪಕ್ಕ, ಸಿ ಗಿಡ್ಡ ಪಕ್ಕ. ಇದೇ ಕಾಂಪೋಸಿಟ್ ಪ್ರೊಫೈಲ್. ಗುಂಡು ಗೋಡೆಯನ್ನು ಒಂದೇ ಸುತ್ತು ತಾಗಿ ಬರುತ್ತದೆ. ಅದೇ ಬಿಂದುಗಳನ್ನು ಸಾಫ್ಟ್‌ವೇರ್ ಎರಡು ಸಲ ವಿಚಾರಿಸುತ್ತದೆ.

ಮೊದಲ ಪಾರ್ಟಿನ ಬಿಂದುಗಳು ತೆರೆಯ ಮೇಲೆ ಸಣ್ಣ ಮುಳ್ಳುಗಳಾಗಿ ಮೂಡಿದವು. ಲೋಹ ಹೆಚ್ಚಾದಲ್ಲಿ ಕೆಂಪು, ಕಡಿಮೆಯಾದಲ್ಲಿ ನೀಲಿ, ಸರಿಯಿದ್ದಲ್ಲಿ ಹಸಿರು. ಒಂದು ಗಿಡ್ಡ ಗೋಡೆಯುದ್ದಕ್ಕೂ ಸಮನಾದ ಕೆಂಪು ಮುಳ್ಳುಗಳು, ಎದುರು ಗೋಡೆಗೆ ಅಷ್ಟೇ ಉದ್ದದ ನೀಲಿ. ಉದ್ದನೆಯ ಗೋಡೆಗಳೆರಡೂ ಗಿಳಿಹಸಿರು. ಮೂಲೆಯ ಬಾಗಿನಲ್ಲಿ ಕೆಂಪು ತೆಳುವಾಗುತ್ತ, ಹಳದಿಗೆ ಇಳಿದು, ಹಸಿರಿನಲ್ಲಿ ಕರಗುತ್ತಿತ್ತು. ಇಡೀ ಪಾಕೆಟ್ ಉದ್ದಕ್ಕೆ 0.32 ಸರಿದಿದೆ. ಪ್ರೊಫೈಲಿನ ಫಲಿತಾಂಶವೆಂದರೆ ಅತಿ ದೊಡ್ಡ ವ್ಯತ್ಯಾಸದ ಎರಡು ಪಟ್ಟು, ಅಂದರೆ 0.64. ಮೇಲಿನ ಸಾಲಿಗೆ ಪಾಸ್.

ಆಮೇಲೆ ಕೆಳಗಿನ ಸಾಲು. ಇಲ್ಲಿ ಡೇಟಮ್‌ಗಳು ತಿರುಗುವುದನ್ನು ಮಾತ್ರ ಹಿಡಿಯುತ್ತವೆ, ಸರಿಯುವುದನ್ನು ಬಿಟ್ಟುಕೊಡುತ್ತವೆ. ತಳದಿಂದ ಇರುವ ಎತ್ತರ ಕೂಡ ಈ ಸಾಲಿನಲ್ಲಿ ಬಂಧನವಲ್ಲ, ಎ ಬರೆದಿದ್ದರೂ. ಹಲಗೆಯ ಮೇಲೆ ಹಾಳೆಯನ್ನು ಓರೆಯಾಗಲು ಬಿಡದೆ ಸರಿಸುವ ಹಾಗೆ, ಬಿಂದುಗಳ ಇಡೀ ಗುಂಪನ್ನು ಸಾಫ್ಟ್‌ವೇರ್ ಅತಿ ದೊಡ್ಡ ವ್ಯತ್ಯಾಸ ಆದಷ್ಟು ಚಿಕ್ಕದಾಗುವ ತನಕ ಸರಿಸುತ್ತದೆ. ಕೆಂಪು ಮೊಟಕಾಯಿತು, ನೀಲಿ ಮೊಟಕಾಯಿತು, ನಾಲ್ಕೂ ಗೋಡೆ ಹಸಿರಾದವು. 0.12. ಇದೂ ಪಾಸ್. ಎರಡು ಸಾಲುಗಳಿಗೂ ಬೇರೆ ಬೇರೆ ಚಿಹ್ನೆ ಇದ್ದು, ಕೆಳಗಿನದರಲ್ಲೂ ಸಿ ಇದ್ದಿದ್ದರೆ ಈ ಸರಿದಾಟಕ್ಕೆ ಜಾಗವಿರುತ್ತಿರಲಿಲ್ಲ, 0.64 ಹಾಗೇ ಉಳಿದು ಪಾರ್ಟ್ ರಿಜೆಕ್ಟ್ ಆಗುತ್ತಿತ್ತು.

ಎರಡನೆಯ ಪಾರ್ಟಿನ ಚಿತ್ರ ಬೇರೆ. ಉದ್ದನೆಯ ಗೋಡೆಯ ಒಂದು ಕೊನೆಯಲ್ಲಿ ಕೆಂಪು. ಮುಳ್ಳುಗಳು ಕ್ರಮೇಣ ಕುಳ್ಳಾಗಿ, ನಡುವಿನಲ್ಲಿ ಇಲ್ಲವಾಗಿ, ಇನ್ನೊಂದು ಕೊನೆಗೆ ಹೋಗುವಷ್ಟರಲ್ಲಿ ನೀಲಿಯಾಗಿ ಬೆಳೆದಿದ್ದವು. ಎದುರು ಗೋಡೆಯಲ್ಲಿ ಇದೇ ತಲೆಕೆಳಗು. ಕೆಂಪಿಗೆ ಕೆಂಪು ಕರ್ಣದ ಆಚೆ ತುದಿಯಲ್ಲಿ.

“ಇದು ಜರುಗಿಲ್ಲ ಸಾರ್, ತಿರುಗಿದೆ,” ಎಂದ ಪ್ರೋಗ್ರಾಮ್ ಮಾಡುವ ಹುಡುಗ, ತೆರೆಯಿಂದ ಕಣ್ಣು ತೆಗೆಯದೆ.

ಕಾಲು ಡಿಗ್ರಿಯ ತಿರುವು. ಗೋಡೆಯ ತುದಿಯಲ್ಲಿ 0.13. ಮೇಲಿನ ಸಾಲಿಗೆ 0.28, ಸಲೀಸಾಗಿ ಪಾಸ್. ಕೆಳಗಿನ ಸಾಲಿನಲ್ಲಿ ಸಾಫ್ಟ್‌ವೇರ್ ಆಚೆಗೊಮ್ಮೆ ಈಚೆಗೊಮ್ಮೆ ಸರಿಸಿ ನೋಡಿತು, ಮುಳ್ಳುಗಳು ಅಲುಗಿದವೇ ಹೊರತು ಹೆಚ್ಚೇನೂ ಕುಗ್ಗಲಿಲ್ಲ. 0.26. ಫೇಲ್. ಹುಡುಗ ನನಗೆ ತೋರಿಸಲೆಂದೇ ಬೆಸ್ಟ್ ಫಿಟ್ಟಿನಲ್ಲಿ ತಿರುಗುವಿಕೆಯ ಟಿಕ್ಕನ್ನೂ ಹಾಕಿದ. ಬಿಂದುಗಳು ಕಾಲು ಡಿಗ್ರಿ ವಾಲಿ, ಗೋಡೆಗಳೆಲ್ಲ ಹಸಿರಾಗಿ, ಸಂಖ್ಯೆ 0.11ಕ್ಕೆ ಬಿತ್ತು. ಮತ್ತೆ ಟಿಕ್ ತೆಗೆದ. ಬಿ ಎಂಬ ಅಕ್ಷರ ಆ ಸಾಲಿನಲ್ಲಿ ಇರುವುದೇ ಆ ತಿರುವನ್ನು ತಡೆಯುವುದಕ್ಕೆ.

ಹೀಗಾಗಿ ತನ್ನ ಜಾಗದಿಂದ 0.32 ದೂರ ಹೋದ ಪಾಕೆಟ್ ಪಾಸಾಯಿತು, 0.13ರಷ್ಟೇ ತಪ್ಪಿದ ಪಾಕೆಟ್ ಕೆಂಪು ಟ್ಯಾಗ್ ಕಟ್ಟಿಸಿಕೊಂಡಿತು. ಮುಚ್ಚಳ ಪಾಕೆಟ್ಟಿನ ಜೊತೆ ತುಸು ಸರಿದು ಕೂತರೆ ಯಾರಿಗೂ ತೊಂದರೆಯಿಲ್ಲ, ಪಕ್ಕದ ಅಂಚಿಗೆ ಓರೆಯಾಗಿ ಕೂರಬಾರದು. ಡ್ರಾಯಿಂಗ್ ಬರೆದವರು ಅದನ್ನೇ ಎರಡು ಸಾಲಿನಲ್ಲಿ ಹೇಳಿದ್ದರು. ಹುಡುಗ ಮೆಷಿನ್ ಶಾಪಿಗೆ ಫೋನ್ ಮಾಡಿ, ಪಾರ್ಟ್ ಹಿಡಿಯುವ ಫಿಕ್ಸ್ಚರಿನಲ್ಲಿ ಬಿ ಪಕ್ಕ ಒರಗುವ ಪಿನ್ನುಗಳ ಹತ್ತಿರ ಲೋಹದ ಚಿಪ್ಸ್ ಕೂತಿದೆಯಾ ನೋಡಿ ಎಂದ.