ಮೊಟ್ಟೆಯನ್ನು ಹದವಾಗಿ ಬೇಯಿಸುವ ಬಗೆ

ಮಧ್ಯಾಹ್ನದ ಊಟದ ಹೊತ್ತಿನಲ್ಲಿ ನಮ್ಮ ಶಾಲೆಯ ಅಂಗಳದಲ್ಲಿ ನಡೆದ ಸಂಗತಿಯಿದು. ಐದನೆಯ ತರಗತಿಯ ಬಾಲಕನೊಬ್ಬನು ತನ್ನ ಪಾಲಿನ ಮೊಟ್ಟೆಯನ್ನು ಸುಲಿದು, ಬಿಳಿಯ ಭಾಗವನ್ನಷ್ಟೇ ತಿಂದು, ಹಳದಿಯ ಉಂಡೆಯನ್ನು ಕಾಗೆಗಳಿಗೆ ಎಸೆಯುತ್ತಿದ್ದನು. ಏಕೆಂದು ಕೇಳಿದೆ. “ಹಸಿರು ಬಂದಿದೆ ಸಾರ್, ಕೆಟ್ಟುಹೋಗಿದೆ” ಎಂದನು. ಅವನನ್ನು ಕಂಡು ಪಕ್ಕದ ನಾಲ್ವರೂ ಹಾಗೆಯೇ ಮಾಡಿದರು. ಆ ಮೊಟ್ಟೆಗಳು ಕೆಟ್ಟಿರಲಿಲ್ಲ. ಅತಿಯಾಗಿ ಬೆಂದಿದ್ದವು, ಅಷ್ಟೆ.

ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಸಸಾರಜನಕವಿದೆ. ಅದರಲ್ಲಿ ಅರ್ಧಕ್ಕೆ ಸಮೀಪದ ಪಾಲು ಹಳದಿಯಲ್ಲಿದೆ. ಕಬ್ಬಿಣಾಂಶವೂ ‘ಎ’ ಮತ್ತು ‘ಡಿ’ ಜೀವಸತ್ವಗಳೂ ಬಹುಮಟ್ಟಿಗೆ ಅಲ್ಲಿಯೇ ಇವೆ. ಬೆಳೆಯುವ ಮಕ್ಕಳು ಅದನ್ನು ಎಸೆಯುವುದು ಸಲ್ಲದು.

ಹಾಗಾದರೆ ಆ ಹಸಿರು ಬಣ್ಣ ಯಾವುದು? ಬಿಳಿಯ ಭಾಗದಲ್ಲಿ ಗಂಧಕದ ಅಂಶವಿದೆ, ಹಳದಿಯಲ್ಲಿ ಕಬ್ಬಿಣದ ಅಂಶವಿದೆ. ಹೆಚ್ಚು ಹೊತ್ತು ಕಾದಾಗ ಇವೆರಡೂ ಹಳದಿಯ ಅಂಚಿನಲ್ಲಿ ಕೂಡಿ, ಹಸಿರು ಮಿಶ್ರಿತ ಬೂದುಬಣ್ಣದ ಬಳೆಯನ್ನು ಉಂಟುಮಾಡುತ್ತವೆ. ಇದು ವಿಷವಲ್ಲ, ಆದರೆ ನೋಟವೂ ರುಚಿಯೂ ಕೆಡುತ್ತವೆ. ಬಿಳಿಯ ಭಾಗವು ಸುಮಾರು 80 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿಯೂ, ಹಳದಿಯು ಸುಮಾರು 70 ಡಿಗ್ರಿಯಲ್ಲಿಯೂ ಗಟ್ಟಿಯಾಗುತ್ತವೆ. ಆದುದರಿಂದ ಕೊತಕೊತನೆ ಅರ್ಧ ಗಂಟೆ ಕುದಿಸುವುದು ಸೌದೆಗೂ ನಷ್ಟ, ಮೊಟ್ಟೆಗೂ ನಷ್ಟ.

ಮೊದಲು ಮೊಟ್ಟೆಗಳನ್ನು ತಣ್ಣೀರಿನಲ್ಲಿ ಇಟ್ಟು ನೋಡಿರಿ. ತಳದಲ್ಲಿ ಅಡ್ಡಲಾಗಿ ಮಲಗಿದ್ದು ಹೊಸದು. ನೆಟ್ಟಗೆ ನಿಂತದ್ದು ಕೆಲವು ದಿನಗಳದು. ತೇಲಿದ್ದನ್ನು ಬಿಟ್ಟುಬಿಡುವುದೇ ಲೇಸು. ಅಂದೇ ಇಟ್ಟ ಮೊಟ್ಟೆಯ ಸಿಪ್ಪೆ ಸುಲಭವಾಗಿ ಬಿಡುವುದಿಲ್ಲ. ಚಿಪ್ಪಿನ ಸೂಕ್ಷ್ಮ ರಂಧ್ರಗಳಿಂದ ಇಂಗಾಲಾಮ್ಲ ವಾಯುವು ಹೊರಹೋದಂತೆ ಬಿಳಿಯ ಭಾಗದ ಕ್ಷಾರಗುಣ ಹೆಚ್ಚಿ, ಒಳಪೊರೆಯ ಹಿಡಿತ ಸಡಿಲುತ್ತದೆ. ಬೇಯಿಸಲು ಏಳೆಂಟು ದಿನಗಳ ಮೊಟ್ಟೆಯೇ ಉತ್ತಮ.

ಮೊಟ್ಟೆಗಳು ಮುಳುಗಿ ಮೇಲೆ ಒಂದಂಗುಲ ನಿಲ್ಲುವಷ್ಟು ನೀರನ್ನು ಕುದಿಸಿ, ಸೌಟಿನಿಂದ ಅವನ್ನು ಮೆಲ್ಲನೆ ಇಳಿಸಬೇಕು. ತಂಪುಪೆಟ್ಟಿಗೆಯಲ್ಲಿದ್ದವನ್ನು ಸ್ವಲ್ಪ ಮುಂಚೆಯೇ ಹೊರಗಿಟ್ಟಿದ್ದರೆ ಚಿಪ್ಪು ಬಿರಿಯುವುದು ಕಡಿಮೆ. ನೀರು ಪುನಃ ಕುದಿಯತೊಡಗಿದಾಗ ಉರಿಯನ್ನು ತಗ್ಗಿಸಿ, ಗಡಿಯಾರ ನೋಡಿ 11 ನಿಮಿಷ ಬೇಯಿಸಿರಿ. ಕೂಡಲೆ ತಣ್ಣೀರಿಗೆ ಹಾಕಿ ಹತ್ತು ನಿಮಿಷ ಬಿಡಿರಿ. ಈ ಕಡೆಯ ಕೆಲಸವನ್ನು ಅನೇಕರು ಮರೆಯುತ್ತಾರೆ. ಒಲೆಯಿಂದ ಇಳಿಸಿದರೂ ಮೊಟ್ಟೆಯ ಒಳಗಿನ ಬಿಸಿ ಬೇಯಿಸುತ್ತಲೇ ಇರುತ್ತದೆ. ಹಸಿರು ಬಳೆ ಮೂಡುವುದು ಬಹುತೇಕ ಆಗಲೇ. ಸುಲಿಯುವಾಗ ದಪ್ಪ ತುದಿಯನ್ನು ಮೊದಲು ಒಡೆಯಿರಿ. ಅಲ್ಲಿ ಗಾಳಿಯ ಅರೆಯಿರುವುದರಿಂದ ಪೊರೆ ಬೇಗ ಕೈಗೆ ಸಿಕ್ಕುತ್ತದೆ.

ನೀಲಗಿರಿಯ ನಮ್ಮ ಬಂಧುಗಳಿಗೆ ಒಂದು ಮಾತು. ಎತ್ತರ ಹೆಚ್ಚಿದಂತೆ ವಾಯುವಿನ ಒತ್ತಡ ಕಡಿಮೆಯಾಗುತ್ತದೆ. ನೀರು ಕಡಿಮೆ ಶಾಖದಲ್ಲಿಯೇ ಕುದಿಯುತ್ತದೆ. ಸುಮಾರು 2240 ಮೀಟರು ಎತ್ತರದ ಉದಕಮಂಡಲದಲ್ಲಿ ನೀರು ಕುದಿಯುವುದು 100 ಡಿಗ್ರಿಯಲ್ಲಲ್ಲ, ಸುಮಾರು 93 ಡಿಗ್ರಿಯಲ್ಲಿ. ಅಲ್ಲಿ ಎರಡು ಮೂರು ನಿಮಿಷ ಹೆಚ್ಚಾಗಿ ಬೇಯಿಸಬೇಕು.

ಬೇಯಿಸಿದ ಮೊಟ್ಟೆಯನ್ನು ಬೇಸಗೆಯಲ್ಲಿ ಎರಡು ಗಂಟೆಗಿಂತ ಹೆಚ್ಚು ಹೊತ್ತು ಹೊರಗೆ ಇಡಬಾರದೆಂಬುದನ್ನು ತಾಯಂದಿರು ನೆನಪಿಡಬೇಕು.

ಮರುವಾರ ನಮ್ಮ ಅಡಿಗೆಯಮ್ಮನವರು ಗಡಿಯಾರ ನೋಡಿ ಮೊಟ್ಟೆಗಳನ್ನು ಬೇಯಿಸಿ, ಕೊಡದ ನೀರಿನಲ್ಲಿ ತಣಿಸಿದರು. ಆ ಬಾಲಕನು ಮೊಟ್ಟೆಯನ್ನು ಎರಡಾಗಿ ಸೀಳಿ, ಹಳದಿಯನ್ನು ತಿರುಗಿಸಿ ತಿರುಗಿಸಿ ನೋಡಿದನು. ಹಸಿರಿನ ಸುಳಿವಿರಲಿಲ್ಲ. ಅಂದು ಕಾಗೆಗಳಿಗೆ ಏನೂ ಸಿಕ್ಕಲಿಲ್ಲ.