ಒಂದೇ ನಡಿಗೆ, ಬೇರೆ ಬೇರೆ ಫಲ: ವ್ಯಾಯಾಮ ಮತ್ತು ಮಧುಮೇಹ



ಅಣ್ಣತಮ್ಮಂದಿರಿಬ್ಬರು ನನ್ನ ಚಿಕಿತ್ಸಾಲಯಕ್ಕೆ ಬಹುಕಾಲದಿಂದ ಬರುತ್ತಿದ್ದಾರೆ. ಹಲವು ವರ್ಷಗಳ ಹಿಂದೆ ಇಬ್ಬರ ರಕ್ತದಲ್ಲಿಯೂ ಸಕ್ಕರೆಯು ಸಹಜ ಮಟ್ಟವನ್ನು ಮೀರಿತ್ತು. ಆದರೆ ಮಧುಮೇಹದ ಗೆರೆಯನ್ನು ಇನ್ನೂ ದಾಟಿರಲಿಲ್ಲ. ಪ್ರತಿದಿನ ಬೆಳಗ್ಗೆ ಇಷ್ಟಲಿಂಗ ಪೂಜೆ ಮುಗಿಸಿ ಇಬ್ಬರೂ ಜೊತೆಯಾಗಿ ಅರ್ಧ ಗಂಟೆ ನಡೆಯತೊಡಗಿದರು. ಆರು ತಿಂಗಳ ತರುವಾಯ ಸ್ಥೂಲಕಾಯದ ಅಣ್ಣನವರ ಸಕ್ಕರೆ ಸಹಜ ಮಟ್ಟಕ್ಕೆ ಇಳಿದಿತ್ತು. ತೆಳ್ಳನೆಯ ಮೈಕಟ್ಟಿನ ತಮ್ಮನವರದು ಇದ್ದಲ್ಲಿಯೇ ಇತ್ತು. “ನಡೆದರೂ ಅಷ್ಟೇ, ಬಿಟ್ಟರೂ ಅಷ್ಟೇ, ಡಾಕ್ಟರೇ; ಇದು ನನ್ನ ಹಣೆಬರಹ” ಎಂದು ಅವರು ನಡಿಗೆಯನ್ನು ಕೈಬಿಟ್ಟರು. ಎರಡು ವರ್ಷ ತಪಾಸಣೆಗೂ ಬರಲಿಲ್ಲ. ಮರಳಿ ಬಂದಾಗ ಮಧುಮೇಹ ನೆಲೆಯೂರಿತ್ತು. ಅಂಗಾಲಿನಲ್ಲಿ ಮಾಯದ ಹುಣ್ಣೊಂದಿತ್ತು.

ಒಂದೇ ವ್ಯಾಯಾಮವು ಎಲ್ಲರಿಗೂ ಒಂದೇ ಫಲವನ್ನು ಕೊಡುವುದಿಲ್ಲವೆಂಬ ಮಾತನ್ನು ಅಂದು ನಾನು ಅವರಿಗೆ ತಿಳಿಯಹೇಳಿರಲಿಲ್ಲ. ಆ ಲೋಪವೇ ಈ ಲೇಖನಕ್ಕೆ ಪ್ರೇರಣೆ.

ಸರಾಸರಿಯ ಮಾತು, ವ್ಯಕ್ತಿಯ ಮಾತು

ನಾವು ಉಂಡ ಅನ್ನದಿಂದ ಬರುವ ಸಕ್ಕರೆಯ ಬಹುಭಾಗವನ್ನು ಹೀರಿಕೊಳ್ಳುವುದು ಮಾಂಸಖಂಡ. ಇದಕ್ಕೆ ಇನ್ಸುಲಿನ್ ಬೇಕು. ಆದರೆ ದುಡಿಯುತ್ತಿರುವ ಮಾಂಸಖಂಡವು ಇನ್ಸುಲಿನ್ನಿನ ನೆರವಿಲ್ಲದೆಯೂ ಸಕ್ಕರೆಯನ್ನು ಒಳಗೆ ಸೆಳೆದುಕೊಳ್ಳಬಲ್ಲದು. ದುಡಿಮೆ ನಿಂತ ಮೇಲೂ ಒಂದೆರಡು ದಿನ ಅದು ಇನ್ಸುಲಿನ್ನಿಗೆ ಚೆನ್ನಾಗಿ ಓಗೊಡುತ್ತದೆ. ವ್ಯಾಯಾಮವು ಮಧುಮೇಹವನ್ನು ದೂರವಿಡುವ ಬಗೆ ಇದು.

ಚೀನಾದ ದಾಚಿಂಗ್ ನಗರದಲ್ಲಿ 1986ರಲ್ಲಿ ಆರಂಭವಾದ ಅಧ್ಯಯನದಲ್ಲಿ ಮಧುಮೇಹದ ಹೊಸ್ತಿಲಲ್ಲಿದ್ದ 577 ಜನರಿದ್ದರು. ವ್ಯಾಯಾಮವನ್ನು ಕೈಗೊಂಡ ಗುಂಪಿನಲ್ಲಿ ಆರು ವರ್ಷಗಳಲ್ಲಿ ಮಧುಮೇಹದ ಅಪಾಯವು ಶೇಕಡ 46ರಷ್ಟು ತಗ್ಗಿತು. ನೆರೆಯ ಚೆನ್ನೈಯಲ್ಲಿ ಇಂತಹವೇ 531 ಜನರ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆಹಾರ ಮತ್ತು ನಡಿಗೆಯ ಬದಲಾವಣೆಯಿಂದ ಅಪಾಯವು ಶೇಕಡ 28.5ರಷ್ಟು ಕಡಿಮೆಯಾಯಿತು.

ಇವು ಸರಾಸರಿಯ ಲೆಕ್ಕಗಳು. ಅಮೆರಿಕ ಮತ್ತು ಕೆನಡಾಗಳಲ್ಲಿ ನಡೆದ ಹೆರಿಟೇಜ್ ಎಂಬ ಕುಟುಂಬ ಅಧ್ಯಯನವು ವ್ಯಕ್ತಿಗಳನ್ನು ಬಿಡಿಬಿಡಿಯಾಗಿ ಗಮನಿಸಿತು. ಎಲ್ಲರಿಗೂ 20 ವಾರ, ಮೇಲ್ವಿಚಾರಣೆಯಲ್ಲಿ, ಒಂದೇ ಕ್ರಮದ ವ್ಯಾಯಾಮ. ದೇಹವು ಇನ್ಸುಲಿನ್ನಿಗೆ ಓಗೊಡುವ ಗುಣವು ಸರಾಸರಿ ಶೇಕಡ 10ರಷ್ಟು ಸುಧಾರಿಸಿತಾದರೂ, ಸುಮಾರು ಶೇಕಡ 42 ಜನರಲ್ಲಿ ಅದು ಹೆಚ್ಚಲಿಲ್ಲ, ಕೆಲವರಲ್ಲಿ ತುಸು ಇಳಿಯಿತು ಕೂಡ. ರಕ್ತಪರೀಕ್ಷೆಯ ಅಂಕಿಗಳಲ್ಲಿ ದಿನದಿಂದ ದಿನಕ್ಕೆ ಏರುಪೇರಿರುವುದು ಸಹಜವಾದ್ದರಿಂದ ಒಂದೇ ಪರೀಕ್ಷೆಯನ್ನು ತೀರ್ಪೆಂದು ಭಾವಿಸಲಾಗದು. ಆದರೂ ತಮ್ಮನವರು ಒಂಟಿಯಲ್ಲವೆಂಬುದಂತೂ ಸ್ಪಷ್ಟ.

ಈ ಭೇದಕ್ಕೆ ಕಾರಣಗಳೇನು?

ಮೊದಲನೆಯದು ಮೈಕಟ್ಟು. ಪುಣೆಯ ಡಾ. ಚಿತ್ತರಂಜನ ಯಾಜ್ಞಿಕ್ ಹಾಗೂ ಲಂಡನ್ನಿನ ಡಾ. ಜಾನ್ ಯುಡ್ಕಿನ್ ಎಂಬ ಇಬ್ಬರು ವೈದ್ಯರು 2004ರಲ್ಲಿ ತಮ್ಮ ದೇಹಗಳನ್ನೇ ಅಳೆದು ಪ್ರಕಟಿಸಿದರು. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕವು ಇಬ್ಬರದೂ 22.3. ಆದರೆ ದೇಹದ ಕೊಬ್ಬು ಯುಡ್ಕಿನ್ ಅವರಲ್ಲಿ ಶೇಕಡ 9.1, ಯಾಜ್ಞಿಕ್ ಅವರಲ್ಲಿ ಶೇಕಡ 21.2! ನೋಟಕ್ಕೆ ತೆಳ್ಳಗಿದ್ದರೂ ಒಳಗೆ ಕೊಬ್ಬು ಅಧಿಕ, ಮಾಂಸ ಅಲ್ಪ. ಇದು ನಮ್ಮ ನಾಡಿನ ಅನೇಕರ ದೇಹಸ್ಥಿತಿ. ಸಕ್ಕರೆಯನ್ನು ತುಂಬಿಡುವ ಕಣಜವೇ ಚಿಕ್ಕದಾದಾಗ ಬರಿಯ ನಡಿಗೆಯಿಂದ ಪೂರ್ಣ ಫಲ ದೊರೆಯುವುದು ಕಷ್ಟ.

ಎರಡನೆಯದು ಮೇದೋಜೀರಕ ಗ್ರಂಥಿಯ ಸಾಮರ್ಥ್ಯ. ಕೆಲವರಲ್ಲಿ ಇನ್ಸುಲಿನ್ ಸಾಕಷ್ಟಿದ್ದರೂ ದೇಹವು ಅದಕ್ಕೆ ಓಗೊಡುವುದಿಲ್ಲ; ಅಂತಹವರಿಗೆ ವ್ಯಾಯಾಮವು ಬೇಗ ಫಲಿಸುತ್ತದೆ. ಇನ್ನು ಕೆಲವರಲ್ಲಿ ಇನ್ಸುಲಿನ್ನಿನ ಉತ್ಪತ್ತಿಯೇ ಕುಂದಿರುತ್ತದೆ. ಅವರಿಗೆ ವ್ಯಾಯಾಮದ ಜೊತೆಗೆ ಔಷಧಿಯೂ ಬೇಕಾಗಬಹುದು.

ಮೂರನೆಯದು ಕರುಳು. ಹಾಂಗ್‌ಕಾಂಗ್‌ನ ಸಂಶೋಧಕರು ಮಧುಮೇಹದ ಹೊಸ್ತಿಲಲ್ಲಿದ್ದ ಪುರುಷರಿಗೆ 12 ವಾರ ವ್ಯಾಯಾಮ ಮಾಡಿಸಿದರು. ಫಲ ಕಂಡವರ ಮತ್ತು ಕಾಣದವರ ಕರುಳಿನ ಸೂಕ್ಷ್ಮಜೀವಿಗಳು ಬೇರೆ ಬೇರೆ ಬಗೆಯಲ್ಲಿ ವರ್ತಿಸುತ್ತಿದ್ದುದನ್ನು 2020ರಲ್ಲಿ ವರದಿ ಮಾಡಿದರು. ನಾರಿನಂಶವುಳ್ಳ ಸೊಪ್ಪು, ಕಾಳು, ಸಿರಿಧಾನ್ಯಗಳು ಈ ಜೀವಿಗಳಿಗೆ ಆಹಾರ. ಆದ್ದರಿಂದ ವ್ಯಾಯಾಮವನ್ನೂ ಊಟವನ್ನೂ ಬೇರ್ಪಡಿಸಿ ನೋಡಬಾರದು.

ಆಯುರ್ವೇದದ ದೃಷ್ಟಿ

ಚರಕಸಂಹಿತೆಯ ಚಿಕಿತ್ಸಾಸ್ಥಾನವು ಪ್ರಮೇಹ ರೋಗಿಗಳನ್ನು ಎರಡು ಬಗೆಯಾಗಿ ಕಾಣುತ್ತದೆ: ಸ್ಥೂಲನೂ ಬಲಶಾಲಿಯೂ ಆದವನು, ಕೃಶನೂ ದುರ್ಬಲನೂ ಆದವನು. ಮೊದಲನೆಯವನಿಗೆ ಶೋಧನ, ಎರಡನೆಯವನಿಗೆ ಬೃಂಹಣ, ಅಂದರೆ ಧಾತುಗಳ ಪೋಷಣೆ. ಪ್ರಾಚೀನರಿಗೆ ಇನ್ಸುಲಿನ್ ತಿಳಿದಿತ್ತೆಂದು ನಾನು ಹೇಳುತ್ತಿಲ್ಲ. ರೋಗ ಒಂದೇ ಆದರೂ ರೋಗಿ ಒಂದೇ ಅಲ್ಲವೆಂಬ ವಿವೇಕ ಅವರಿಗಿತ್ತು. ವ್ಯಾಯಾಮವನ್ನು ಅರ್ಧಶಕ್ತಿಗೆ ನಿಲ್ಲಿಸಬೇಕೆಂಬ ವಿಧಿಯೂ ಇದೇ ವಿವೇಕದ ಫಲ. ಹಣೆ, ಮೂಗು, ಕಂಕುಳಲ್ಲಿ ಬೆವರು ಮೂಡಿ, ಬಾಯಿಯಿಂದ ಉಸಿರಾಡಬೇಕೆನಿಸುವುದು ಅರ್ಧಶಕ್ತಿಯ ಲಕ್ಷಣ. ಈ ಅಳತೆಯು ಪ್ರತಿಯೊಬ್ಬರ ಬಲಕ್ಕೆ ತಕ್ಕಂತೆ ತಾನೇ ಬದಲಾಗುತ್ತದೆ.

ಆಚರಿಸಬೇಕಾದ ಕ್ರಮ

ಸ್ಥೂಲಕಾಯದವರು ವಾರಕ್ಕೆ ಒಟ್ಟು 150 ನಿಮಿಷವಾದರೂ ಚುರುಕಾಗಿ ನಡೆಯಬೇಕು. ಊಟದ ಪ್ರಮಾಣವನ್ನೂ ತಗ್ಗಿಸಬೇಕು.

ತೆಳ್ಳಗಿನವರು ನಡಿಗೆಯೊಡನೆ ವಾರಕ್ಕೆ ಎರಡು ಮೂರು ದಿನ ಮಾಂಸಖಂಡಗಳನ್ನು ಬಲಪಡಿಸುವ ವ್ಯಾಯಾಮ ಮಾಡಬೇಕು. ಕೈಯೂರದೆ ಕುರ್ಚಿಯಿಂದ ಏಳುವುದು, ಕೂರುವುದು, ಮೆಟ್ಟಿಲು ಹತ್ತುವುದು, ಗೋಡೆಗೆ ಅಂಗೈಯೂರಿ ಮೈಯನ್ನು ಹಿಂದೆ ಮುಂದೆ ದೂಡುವುದು, ಇವಿಷ್ಟೇ ಆರಂಭಕ್ಕೆ ಸಾಕು. ಇವರು ಉಪವಾಸದಿಂದ ಮೈಯನ್ನು ಇನ್ನಷ್ಟು ಬಡವಾಗಿಸಬಾರದು. ಬೇಳೆ, ಮೊಳಕೆ ಕಾಳು, ಮಜ್ಜಿಗೆ ನಿತ್ಯವೂ ಇರಲಿ.

ಮಠದಲ್ಲಾಗಲಿ ಮನೆಯಲ್ಲಾಗಲಿ ಪ್ರಸಾದ ಸ್ವೀಕರಿಸಿದ ಕೂಡಲೇ ಮಲಗದೆ ಹತ್ತು ಹದಿನೈದು ನಿಮಿಷ ಮೆಲ್ಲನೆ ಅಡ್ಡಾಡುವುದು ಎಲ್ಲರಿಗೂ ಹಿತ.

ಕಳೆದ ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆಯನ್ನು ವೈದ್ಯರು ಹೇಳಿದ ಅವಧಿಗೆ ಮಾಡಿಸಿರಿ. ಅಂಕಿ ಇಳಿಯದಿದ್ದರೆ ವ್ಯಾಯಾಮವನ್ನು ಬಿಡಬೇಡಿರಿ. ವೈದ್ಯರೊಡನೆ ಮಾತನಾಡಿ ಅದರ ಪ್ರಮಾಣವನ್ನೋ ಬಗೆಯನ್ನೋ ಬದಲಿಸಿರಿ. ಸಕ್ಕರೆ ಇಳಿಯದಿದ್ದಾಗಲೂ ಹೃದಯ, ರಕ್ತದೊತ್ತಡ, ನಿದ್ರೆಗಳಿಗೆ ವ್ಯಾಯಾಮದ ಲಾಭ ಸಲ್ಲುತ್ತಲೇ ಇರುತ್ತದೆ.

ಕೆಲವು ಎಚ್ಚರಿಕೆಗಳು: ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಬರಿಹೊಟ್ಟೆಯಲ್ಲಿ ದೀರ್ಘ ನಡಿಗೆಗೆ ಹೊರಡಬಾರದು; ಜೇಬಿನಲ್ಲಿ ಸ್ವಲ್ಪ ಸಕ್ಕರೆ ಇರಲಿ. ಕಾಲಿನಲ್ಲಿ ಜೋಮು ಅಥವಾ ಗಾಯವಿರುವವರು, ಕಣ್ಣಿನ ಪಟಲದ ತೊಂದರೆಯಿರುವವರು, ನಡೆದಾಗ ಎದೆ ಹಿಡಿದಂತಾಗುವವರು ಮೊದಲು ವೈದ್ಯರನ್ನು ಕಾಣಬೇಕು. ನಡಿಗೆ ಆರಂಭಿಸಿದೆವೆಂದು ಔಷಧಿಯನ್ನು ತಾವಾಗಿಯೇ ನಿಲ್ಲಿಸಬಾರದು.

ಆ ತಮ್ಮನವರ ಹುಣ್ಣು ಶಸ್ತ್ರವೈದ್ಯರ ಆರೈಕೆಯಿಂದ ಮಾಯಿತು. ಅದು ಮಾಯುವವರೆಗೂ ಅವರು ಕುರ್ಚಿಯಲ್ಲಿ ಕುಳಿತೇ ತೋಳುಗಳ ವ್ಯಾಯಾಮ ಮಾಡಿದರು. ಇಂದು ಮಾತ್ರೆ, ಹಿತಮಿತವಾದ ಊಟ, ತಮ್ಮ ಮೈಗೆ ತಕ್ಕ ವ್ಯಾಯಾಮ, ಈ ಮೂರರಿಂದ ಅವರ ಸಕ್ಕರೆ ಹತೋಟಿಯಲ್ಲಿದೆ. ಅಣ್ಣನವರ ಅಂಕಿಯನ್ನು ಕೇಳುವುದನ್ನು ಅವರು ಬಿಟ್ಟಿದ್ದಾರೆ.

ನುಲಿಯ ಚಂದಯ್ಯನವರು ಹಗ್ಗ ಹೊಸೆದರು, ಅಂಬಿಗರ ಚೌಡಯ್ಯನವರು ದೋಣಿ ನಡೆಸಿದರು. ಒಬ್ಬರ ಕಾಯಕ ಇನ್ನೊಬ್ಬರದಾಗಿರಲಿಲ್ಲ. ಆದರೆ ಕಾಯಕವಿಲ್ಲದ ಶರಣರಿರಲಿಲ್ಲ. ವ್ಯಾಯಾಮವನ್ನೂ ನಾವು ಹೀಗೆಯೇ ಭಾವಿಸೋಣ. ನೆರೆಯವರ ಫಲವನ್ನು ನೋಡಿ ಎದೆಗುಂದದೆ, ನಮ್ಮ ಕಾಯಕ್ಕೆ ಒಗ್ಗುವುದನ್ನು ಕಂಡುಕೊಂಡು ನಿತ್ಯವೂ ಆಚರಿಸೋಣ.