ಅಳುವ ಕೂಸಿನ ಎಕ್ಸ್‌ರೇ

ಎದೆಯ ಎಕ್ಸ್‌ರೇ ತೆಗೆಯುವಾಗ ದೊಡ್ಡವರಿಗೆ ‘ಉಸಿರೆಳೆದು ಹಾಗೇ ಹಿಡಿದುಕೊಳ್ಳಿ’ ಎನ್ನಬಹುದು. ಎರಡು ದಿನದ ಕೂಸಿಗೆ ಏನು ಹೇಳುವುದು? ಅದು ಅತ್ತು ಉಸಿರು ಬಿಟ್ಟ ಗಳಿಗೆಯಲ್ಲೇ ಚಿತ್ರ ಬಿದ್ದರೆ, ಕುಗ್ಗಿದ ಶ್ವಾಸಕೋಶ ಬೆಳ್ಳಗೆ ಕಂಡು ನ್ಯುಮೋನಿಯಾ ಅನ್ನಿಸುತ್ತದೆ, ಹೃದಯವೂ ಇದ್ದದ್ದಕ್ಕಿಂತ ದೊಡ್ಡದಾಗಿ ತೋರುತ್ತದೆ. ರೋಗ ಯಾವುದೆಂದು ಹೇಳುವವರು ಡಾಕ್ಟರೇ. ಆದರೆ ಆ ಹೊತ್ತಿನಲ್ಲಿ ಮಗು ಅಳುತ್ತಿತ್ತೇ, ಕತ್ತು ಎತ್ತ ವಾಲಿತ್ತು ಎಂಬುದು ಹತ್ತಿರವಿದ್ದ ಸಿಸ್ಟರ್‌ಗೆ ಗೊತ್ತಿರುತ್ತದೆ. ಅವರೂ ಚಿತ್ರ ಓದಲು ಕಲಿತಿರಬೇಕು ಎನ್ನುವುದು ಅದಕ್ಕೇ.

ಗಾಳಿ ಕಪ್ಪು, ಮೂಳೆ ಬಿಳಿ, ನೀರು ಮತ್ತು ಮಾಂಸ ನಡುವಿನ ಬೂದು. ಹೆಸರು, ಎಡ-ಬಲದ ಗುರುತು ನೋಡಿಕೊಂಡ ಮೇಲೆ ಪಕ್ಕೆಲುಬುಗಳತ್ತ ಬರಬೇಕು. ಎರಡೂ ಬದಿಯವು ಸಮನಾಗಿ ಕಾಣದಿದ್ದರೆ ಮಗು ಹೊರಳಿದೆ. ವಪೆಯ ಮೇಲೆ ಹಿಂಬದಿಯ ಎಂಟು ಪಕ್ಕೆಲುಬು ಎಣಿಕೆಗೆ ಸಿಕ್ಕರೆ, ಉಸಿರು ತುಂಬಿದ್ದಾಗಲೇ ತೆಗೆದದ್ದು.

ಹೃದಯದ ಮೇಲ್ಗಡೆ ಒಮ್ಮೊಮ್ಮೆ ದೋಣಿಯ ಹಾಯಿಯಂಥ ನೆರಳೊಂದು ಕಾಣುತ್ತದೆ. ಅದು ಥೈಮಸ್ ಗ್ರಂಥಿ, ರೋಗನಿರೋಧಕ ಕಣಗಳು ಪಳಗುವ ಜಾಗ. ಎಳೆಗೂಸಿನಲ್ಲಿ ಅದು ದೊಡ್ಡದಿರುವುದೇ ಸಹಜ. ಇದು ತಿಳಿಯದೆ, ಉಬ್ಬಿದ ಥೈಮಸ್ ಉಸಿರುಗಟ್ಟಿಸಿ ಕೊಲ್ಲುತ್ತದೆಂದು ಹೆದರಿ, 20ನೇ ಶತಮಾನದ ಮೊದಲರ್ಧದಲ್ಲಿ ಅಮೆರಿಕದ ವೈದ್ಯರು ಸಾವಿರಾರು ಶಿಶುಗಳಿಗೆ ವಿಕಿರಣ ಹಾಯಿಸಿ ಅದನ್ನು ಕುಗ್ಗಿಸಿದರು. ಹೀಗೆ ‘ಗುಣಪಡಿಸಿದ’ ಮಕ್ಕಳಲ್ಲಿ ಕೆಲವರಿಗೆ ಮುಂದೆ ಥೈರಾಯ್ಡ್ ಕ್ಯಾನ್ಸರ್ ಬಂತು. ಆ ನಂಟು ವರದಿಯಾದದ್ದು 1950ರಲ್ಲಿ.

ಸಿಸ್ಟರ್ ಕಣ್ಣು ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಮಾತ್ರ ಕೊಳವೆಗಳ ಮೇಲೆ. ವೆಂಟಿಲೇಟರ್ ಟ್ಯೂಬಿನ ತುದಿ ಶ್ವಾಸನಾಳ ಕವಲೊಡೆಯುವ ಜಾಗಕ್ಕಿಂತ ತುಸು ಮೇಲಿರಬೇಕು. ನವಜಾತ ಶಿಶುವಿನ ಶ್ವಾಸನಾಳವೇ ಸುಮಾರು 4 ಸೆಂ.ಮೀ. ಉದ್ದ, ಹಾಗಾಗಿ ಕೂದಲೆಳೆಯ ಲೆಕ್ಕವೂ ಇಲ್ಲಿ ಲೆಕ್ಕವೇ. ಗಲ್ಲ ಎದೆಯತ್ತ ತಗ್ಗಿದರೆ ತುದಿ ಕೆಳಗಿಳಿಯುತ್ತದೆ, ಕತ್ತು ಹಿಂದೆ ಬಾಗಿದರೆ ಮೇಲೇರುತ್ತದೆ. ತೀರಾ ಕೆಳಗಿಳಿದದ್ದು ಸಾಮಾನ್ಯವಾಗಿ ಹೆಚ್ಚು ನೇರವಾಗಿರುವ ಬಲಗವಲಿಗೆ ನುಗ್ಗುತ್ತದೆ. ಆಗ ಗಾಳಿ ಸಿಗದ ಎಡ ಶ್ವಾಸಕೋಶ ಮುದುಡಿ ಬೆಳ್ಳಗಾಗುತ್ತದೆ. ಟ್ಯೂಬನ್ನು ಹಿಂದೆಳೆಯುವ ಮಾತು ಬಂದಾಗ, ಚಿತ್ರ ತೆಗೆಯುವಾಗ ಗಲ್ಲ ಎಲ್ಲಿತ್ತು ಎಂದು ಕೇಳುವುದು ಅಧಿಕಪ್ರಸಂಗವಲ್ಲ.

ಹಾಲಿನ ಟ್ಯೂಬಿನ ದಾರಿ ಬೇರೆ. ಅದು ಕವಲಿನ ಜಾಗವನ್ನು ದಾಟಿ ನಡುವಲ್ಲೇ ಇಳಿದು, ವಪೆಯ ಕೆಳಗೆ ಎಡಕ್ಕೆ, ಜಠರದೊಳಗೆ ತುದಿ ಚಾಚಿರಬೇಕು. ಕವಲಿನ ಹತ್ತಿರವೇ ಪಕ್ಕಕ್ಕೆ ತಿರುಗಿದ್ದರೆ ಅದು ಶ್ವಾಸಕೋಶದ ಹಾದಿ ಹಿಡಿದಿದೆ. ಒಂದು ಹನಿ ಹಾಲನ್ನೂ ಬಿಡುವಂತಿಲ್ಲ, ಮೊದಲು ಡಾಕ್ಟರನ್ನು ಕರೆಯಬೇಕು.